ಅಗ್ನಿ, ಓಜಸ್ಸು, ನಾಣ್ಯ: ಜೀವಕೋಶದ ಶಕ್ತಿವ್ಯವಹಾರವನ್ನು ಹೇಳುವ ಮಾತುಗಳ ವಿಮರ್ಶೆ

೧

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಹೆಸರಿನೊಡನೆ ಮೂರು ಶಾಸ್ತ್ರಗ್ರಂಥಗಳು ಸಂಬಂಧಪಟ್ಟಿವೆ. ಶ್ರೀವಿಜಯನ ಕವಿರಾಜಮಾರ್ಗವು ಮಾತಿನ ಶಾಸ್ತ್ರ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಎಣಿಕೆಯ ಶಾಸ್ತ್ರ. ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವು ದೇಹದ ಶಾಸ್ತ್ರ. ಕಡೆಯದು ಸಂಸ್ಕೃತದಲ್ಲಿದೆ. ವಾತಪಿತ್ತಕಫಗಳ ಸಿದ್ಧಾಂತವನ್ನು ಅನುಸರಿಸಿಯೂ ಮಧು ಮದ್ಯ ಮಾಂಸಗಳನ್ನು ಔಷಧದಿಂದಲೂ ದೂರವಿಟ್ಟದ್ದು ಅದರ ವಿಶೇಷ. ಮಾಂಸಾಹಾರವು ದೇಹಕ್ಕೆ ಅವಶ್ಯವೆಂಬ ಪಕ್ಷವನ್ನು ನೃಪತುಂಗವಲ್ಲಭನ ಸಭೆಯಲ್ಲಿ ಖಂಡಿಸಿದ ಪ್ರಸಂಗವೂ ಅದರ ಕೊನೆಯಲ್ಲಿ ಸೇರಿದೆ. ಅನ್ನವು ದೇಹದಲ್ಲಿ ಏನಾಗುತ್ತದೆ, ಬಲವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯು ಈ ನೆಲದ ವಿದ್ವತ್ಸಭೆಯಲ್ಲಿ ಒಮ್ಮೆ ವಾದದ ವಸ್ತುವಾಗಿದ್ದಿತೆಂಬುದಕ್ಕೆ ಇದು ಸಾಕ್ಷಿ. ಆ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚಾಯಿತು.

ಅದೇ ಪ್ರಶ್ನೆಗೆ ಈಚಿನ ಜೀವರಸಾಯನಶಾಸ್ತ್ರವು ಬೇರೆ ಬಗೆಯ ಉತ್ತರವನ್ನು ಕೊಟ್ಟಿದೆ. ಆ ಉತ್ತರವನ್ನು ಕನ್ನಡದಲ್ಲಿ ಹೇಳುವಾಗ ಎರಡು ಬಗೆಯ ದೋಷಗಳು ಕಾಣುತ್ತವೆ. ಒಂದು, ಹೊಸ ಶಾಸ್ತ್ರವು ಕಂಡುದೆಲ್ಲವೂ ಚರಕಾದಿಗಳಲ್ಲಿ ಮೊದಲೇ ಇದ್ದಿತೆಂದು, ಎ.ಟಿ.ಪಿ. ಎಂಬ ದ್ರವ್ಯವೇ ಓಜಸ್ಸು, ಮೈಟೊಕಾಂಡ್ರಿಯವೇ ಧಾತ್ವಗ್ನಿ ಎಂದು ಸಾಧಿಸುವುದು. ಇನ್ನೊಂದು, ಹಳೆಯ ಮಾತುಗಳಿಂದ ಪ್ರಯೋಜನವಿಲ್ಲವೆಂದು ಬದಿಗಿಟ್ಟು, ಶಕ್ತಿಯ ನಾಣ್ಯ, ಶಕ್ತಿಕೇಂದ್ರ, ಅಧಿಕಶಕ್ತಿಯ ಬಂಧ ಎಂದು ಪರಭಾಷೆಯ ರೂಪಕಗಳನ್ನು ಪರೀಕ್ಷಿಸದೆ ಕನ್ನಡಿಸುವುದು. ಮೊದಲನೆಯದರಿಂದ ಹಳೆಯ ಶಾಸ್ತ್ರಕ್ಕೂ ಹೊಸ ಶಾಸ್ತ್ರಕ್ಕೂ ಅನ್ಯಾಯವಾಗುತ್ತದೆ; ಎರಡನೆಯದರಿಂದ ವಿದ್ಯಾರ್ಥಿಯು ಮಾತನ್ನು ಕಂಠಪಾಠ ಮಾಡಿ ಅರ್ಥವನ್ನು ತಪ್ಪಾಗಿ ಗ್ರಹಿಸುತ್ತಾನೆ. ಎರಡಕ್ಕೂ ಮೂಲಕಾರಣ ಒಂದೇ: ಉಪಮಾನಕ್ಕೂ ಉಪಮೇಯಕ್ಕೂ ಇರುವ ಸಾಧಾರಣಧರ್ಮ ಯಾವುದು, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ವಿಚಾರಣೆಯ ಅಭಾವ. ಈ ವಿಚಾರಣೆಯು ರಸಾಯನಶಾಸ್ತ್ರಜ್ಞನದಷ್ಟೇ ಅಲ್ಲ, ಆಲಂಕಾರಿಕನದೂ ಹೌದು. ಆದ್ದರಿಂದ ಆ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಸ್ತುವೇನೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಕಲಬುರಗಿ ಸೀಮೆಯ ಕಪ್ಪುನೆಲದಲ್ಲಿ ಬೆಳೆಯುವ ಜೋಳ ತೊಗರಿಗಳಿಗಿಂತ ಉತ್ತಮವಾದ ಉದಾಹರಣೆಯನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಎಲೆಯು ಸೂರ್ಯನ ಬೆಳಕಿನಿಂದ, ಗಾಳಿಯ ಇಂಗಾಲಾಮ್ಲದಿಂದ, ಬೇರು ತಂದ ನೀರಿನಿಂದ ಸಕ್ಕರೆಯನ್ನು ಕಟ್ಟುತ್ತದೆ. ಸಕ್ಕರೆಯ ಕಣಗಳು ಸರಪಳಿಯಾಗಿ ಪಿಷ್ಟವಾಗಿ ಕಾಳಿನಲ್ಲಿ ನೆಲೆನಿಲ್ಲುತ್ತವೆ. ಕಾಳನ್ನು ಉಂಡ ದೇಹವು ಪಿಷ್ಟವನ್ನು ಮತ್ತೆ ಸಕ್ಕರೆಯಾಗಿ ಬಿಡಿಸಿಕೊಳ್ಳುತ್ತದೆ. ಆಗಿನ ಆವಶ್ಯಕತೆಗೆ ಮೀರಿದುದನ್ನು ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಗ್ಲೈಕೊಜೆನ್ ಎಂಬ ರೂಪದಲ್ಲಿ ಇಡುತ್ತದೆ. ಇನ್ನೂ ಮಿಕ್ಕುದನ್ನು ಮೇದಸ್ಸನ್ನಾಗಿ ಮಾಡುತ್ತದೆ. ಸಕ್ಕರೆಯ ಒಂದು ಗ್ರಾಂ ಸುಮಾರು ೪ ಕಿಲೊಕ್ಯಾಲೊರಿ ಕೊಟ್ಟರೆ ಮೇದಸ್ಸಿನ ಒಂದು ಗ್ರಾಂ ಸುಮಾರು ೯ ಕೊಡುತ್ತದೆ. ಯಕೃತ್ತಿನ ಗ್ಲೈಕೊಜೆನ್ ಸುಮಾರು ೧೦೦ ಗ್ರಾಂ. ಮಾಂಸಖಂಡಗಳದು ಸುಮಾರು ೪೦೦ ಗ್ರಾಂ. ಮೇದಸ್ಸಾದರೋ ಸಾಮಾನ್ಯ ದೇಹದಲ್ಲಿಯೂ ಕಿಲೊಗ್ರಾಂಗಳ ಲೆಕ್ಕದಲ್ಲಿರುತ್ತದೆ.

ಇದು ಸಂಚಯ. ವ್ಯಯದ ಕ್ರಮವು ಇದಕ್ಕಿಂತ ಸೂಕ್ಷ್ಮವಾದುದು. ಗ್ಲೂಕೋಸ್ ಮೊದಲು ಕೋಶರಸದಲ್ಲಿ ಎರಡು ತುಂಡಾಗುತ್ತದೆ. ಅಲ್ಲಿ ನಿವ್ವಳವಾಗಿ ಎರಡು ಎ.ಟಿ.ಪಿ.ಗಳು ದೊರೆಯುತ್ತವೆ. ಆ ತುಂಡುಗಳು ಮೈಟೊಕಾಂಡ್ರಿಯವನ್ನು ಹೊಕ್ಕು, ೧೯೩೭ರಲ್ಲಿ ಹಾನ್ಸ್ ಕ್ರೆಬ್ಸನು ನಿರೂಪಿಸಿದ ಚಕ್ರದಲ್ಲಿ ಸುತ್ತಿ, ತಮ್ಮ ಎಲೆಕ್ಟ್ರಾನುಗಳನ್ನು ಒಪ್ಪಿಸುತ್ತವೆ. ಎಲೆಕ್ಟ್ರಾನುಗಳು ಒಳಪೊರೆಯಲ್ಲಿರುವ ಪ್ರೋಟೀನುಗಳ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಅವು ಇಳಿಯುವಾಗ ಪ್ರೋಟಾನುಗಳು ಪೊರೆಯ ಹೊರಬದಿಗೆ ಎತ್ತಲ್ಪಡುತ್ತವೆ. ಎತ್ತಲ್ಪಟ್ಟ ಪ್ರೋಟಾನುಗಳು ಒಂದು ಕಿರಿದಾದ ದಾರಿಯಿಂದ ಮತ್ತೆ ಒಳಕ್ಕೆ ಹರಿಯುವಾಗ ಅಲ್ಲಿಯ ಯಂತ್ರವೊಂದು ನಿಜವಾಗಿಯೂ ಗಿರ್ರನೆ ತಿರುಗಿ ಎ.ಡಿ.ಪಿ.ಗೆ ಫಾಸ್ಫೇಟನ್ನು ಕೂಡಿಸಿ ಎ.ಟಿ.ಪಿ.ಯನ್ನು ಮಾಡುತ್ತದೆ. ಪ್ರೋಟಾನುಗಳ ಏರಿಳಿತವೇ ಇಲ್ಲಿಯ ಕಾರಣವೆಂದು ಪೀಟರ್ ಮಿಚೆಲ್ ೧೯೬೧ರಲ್ಲಿ ಹೇಳಿದಾಗ ಪಂಡಿತರು ಒಪ್ಪಲಿಲ್ಲ. ೧೯೭೮ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಒಂದು ಗ್ಲೂಕೋಸಿನಿಂದ ಒಟ್ಟು ೩೦ರಿಂದ ೩೨ ಎ.ಟಿ.ಪಿ.ಗಳೆಂದು ಈಗಿನ ಲೆಕ್ಕ; ಹಳೆಯ ಪುಸ್ತಕಗಳ ೩೬, ೩೮ ಎಂಬ ಸಂಖ್ಯೆಗಳು ಈಗ ಸಲ್ಲವು.

ಎ.ಟಿ.ಪಿ.ಯನ್ನು ೧೯೨೯ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವನೂ, ಅವನಿಂದ ಸ್ವತಂತ್ರವಾಗಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಎಂಬವರೂ ಕಂಡರು. ಸುಬ್ಬರಾಯರು ಆಂಧ್ರದೇಶದವರು, ಅಮೆರಿಕಕ್ಕೆ ಹೋಗುವ ಮೊದಲು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶಾರೀರವನ್ನು ಬೋಧಿಸಿದವರು. ಓಜಸ್ಸೆಂಬ ಮಾತು ಅವರಿಗೆ ತಿಳಿಯದುದೇನೂ ಅಲ್ಲ. ಆದರೂ ತಾವು ಕಂಡ ದ್ರವ್ಯಕ್ಕೆ ಅವರು ಆ ಹೆಸರನ್ನು ಇಡಲಿಲ್ಲ.

೩

ಇನ್ನು ಅಗ್ನಿಶಬ್ದ. ಆಯುರ್ವೇದದಲ್ಲಿ ಅಗ್ನಿಗಳು ಹದಿಮೂರು: ಜಠರಾಗ್ನಿ ಒಂದು, ಭೂತಾಗ್ನಿಗಳು ಐದು, ಧಾತ್ವಗ್ನಿಗಳು ಏಳು. ಅನ್ನವು ಜಠರದಲ್ಲಿ ಪಾಕವಾದಮೇಲೆ ಮತ್ತೆ ಪ್ರತಿಯೊಂದು ಧಾತುವಿನಲ್ಲಿಯೂ ಅದರದರ ಅಗ್ನಿಯಿಂದ ಪಾಕವಾಗಬೇಕೆಂಬುದು ಸಿದ್ಧಾಂತ. ಪಾಕವು ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ, ದೇಹದ ಕಣಕಣದಲ್ಲಿಯೂ ನಡೆಯಬೇಕು ಎಂಬ ಈ ಮಾತು ಸಾಮಾನ್ಯವಾದುದಲ್ಲ. ಯೂರೋಪಿನಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ೧೭೮೩ರಲ್ಲಿ, ಮಂಜುಗಡ್ಡೆಯ ನಡುವೆ ಗಿನಿಯಿಲಿಯನ್ನಿಟ್ಟು ಅದರ ಮೈಶಾಖವನ್ನು ಅಳೆದು, ಉಸಿರಾಟವು ಮೆಲ್ಲನೆ ನಡೆಯುವ ದಹನವೆಂದು ಪ್ರತಿಪಾದಿಸಿದರು. ಆದರೆ ಆ ದಹನವು ಶ್ವಾಸಕೋಶದಲ್ಲಿ ಆಗುತ್ತದೆಂದು ಬಹುಕಾಲ ನಂಬಿದ್ದರು; ಅದು ಸರ್ವಾಂಗಗಳಲ್ಲಿಯೂ ಆಗುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಸ್ಥಾನವಿಷಯದಲ್ಲಿ ಧಾತ್ವಗ್ನಿಯ ಕಲ್ಪನೆಯು ಶ್ಲಾಘ್ಯವೇ ಸರಿ.

ಆದರೆ ಅಗ್ನಿ ಎಂಬ ರೂಪಕವು ಎಲ್ಲಿಯವರೆಗೆ ಸಲ್ಲುತ್ತದೆ? ಇಂಧನವುಂಟು, ಆಮ್ಲಜನಕವುಂಟು, ಇಂಗಾಲಾಮ್ಲವೂ ನೀರೂ ಹುಟ್ಟುತ್ತವೆ, ಶಾಖವೂ ಹುಟ್ಟುತ್ತದೆ, ಇಷ್ಟು ಸಾಧಾರಣಧರ್ಮ. ಒಟ್ಟು ಶಕ್ತಿಯ ಮೊತ್ತವೂ ಎರಡೂ ಕಡೆ ಒಂದೇ. ಭೇದವಿರುವುದು ಶಕ್ತಿಯು ಕೆಲಸವಾಗುವ ರೀತಿಯಲ್ಲಿ. ವಾಡಿ, ಸೇಡಂಗಳ ಸಿಮೆಂಟಿನ ಕುಲುಮೆಯಲ್ಲಿ ಸುಣ್ಣಕಲ್ಲು ಸುಮಾರು ೧೪೫೦ ಡಿಗ್ರಿಯ ಶಾಖಕ್ಕೆ ಬೇಯುತ್ತದೆ. ಅಲ್ಲಿ ಶಾಖವೇ ಕರ್ತೃ. ಹಿಂದೆ ವಾಡಿ ಜಂಕ್ಷನ್ನಿನಲ್ಲಿ ಹಾದುಹೋಗುತ್ತಿದ್ದ ಉಗಿಬಂಡಿಯಲ್ಲಿಯೂ ಶಾಖವೇ ಕರ್ತೃ. ಆದರೆ ಅದು ಕೆಲಸಮಾಡಬೇಕಾದರೆ ಒಂದೆಡೆ ಬಿಸಿ, ಇನ್ನೊಂದೆಡೆ ತಂಪು ಇರಬೇಕೆಂದು ೧೮೨೪ರಲ್ಲಿಯೇ ಸಾದಿ ಕಾರ್ನೋ ತೋರಿಸಿದ್ದಾನೆ. ಜೀವಕೋಶದಲ್ಲಿ ಅಂಥ ಬಿಸಿತಂಪುಗಳ ಭೇದವಿಲ್ಲ. ಎಲ್ಲವೂ ಸುಮಾರು ೩೭ ಡಿಗ್ರಿ. ಆದ್ದರಿಂದ ಕೋಶವು ಶಾಖದಿಂದ ಕೆಲಸಮಾಡುವ ಯಂತ್ರವಾಗಿರುವುದು ಅಸಾಧ್ಯ. ಶಾಖವು ಅಲ್ಲಿ ಕರ್ತೃವಲ್ಲ, ಉಳಿದು ಹೊರಬೀಳುವ ಶೇಷ. ಬೆಂಕಿಯು ಒಂದೇ ಉಸುರಿಗೆ ಚೆಲ್ಲುವುದನ್ನು ಕೋಶವು ಹತ್ತಾರು ಮೆಟ್ಟಿಲುಗಳಲ್ಲಿ ಇಳಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಸ್ವಲ್ಪ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ದಹನವನ್ನು ತಡೆದು ನಡೆಸುವುದೇ ಅದರ ಜಾಣ್ಮೆ.

ಹೀಗಾಗಿ ಅಗ್ನಿಶಬ್ದವನ್ನು ಪಾಕವೆಂಬ ಅರ್ಥದಲ್ಲಿ ಬಳಸಿದರೆ ನಿರ್ದುಷ್ಟ. ಶಾಖವೆಂಬ ಅರ್ಥದಲ್ಲಿ ಬಳಸಿದರೆ ದುಷ್ಟ. ಇದಕ್ಕೆ ಒಂದು ಅಪವಾದವುಂಟು. ಎಳೆಗೂಸುಗಳ ಮೈಯಲ್ಲಿ ಕಂದುಬಣ್ಣದ ಒಂದು ಬಗೆಯ ಕೊಬ್ಬಿದೆ. ಅಲ್ಲಿ ಪ್ರೋಟಾನುಗಳು ಯಂತ್ರವನ್ನು ತಿರುಗಿಸದೆ ಬೇರೆ ದಾರಿಯಿಂದ ಸೋರಿ, ಶಕ್ತಿಯೆಲ್ಲ ಶಾಖವಾಗಿ ಮಗುವಿನ ಮೈಯನ್ನು ಬೆಚ್ಚಗಿಡುತ್ತದೆ. ಅಲ್ಲಿ ಮಾತ್ರ ಅಗ್ನಿಶಬ್ದವು ವಾಚ್ಯಾರ್ಥದಲ್ಲಿಯೇ ಸಲ್ಲುತ್ತದೆ.

೪

ಧಾತುಪೋಷಣೆಯನ್ನು ವಿವರಿಸಲು ವ್ಯಾಖ್ಯಾನಕಾರರು ಮೂರು ನ್ಯಾಯಗಳನ್ನು ಹೇಳುತ್ತಾರೆ: ಕೇದಾರೀಕುಲ್ಯಾನ್ಯಾಯ, ಕ್ಷೀರದಧಿನ್ಯಾಯ, ಖಲೇಕಪೋತನ್ಯಾಯ. ಮೂರೂ ಒಕ್ಕಲುತನದ ಬದುಕಿನಿಂದ ಬಂದವು. ಕಾಲುವೆಯ ನೀರು ಮೊದಲ ಮಡಿಯನ್ನು ತುಂಬಿ ಮುಂದಿನ ಮಡಿಗೆ ಹೋಗುವಂತೆ ರಸವು ಧಾತುಗಳನ್ನು ಕ್ರಮವಾಗಿ ಪೋಷಿಸುತ್ತದೆಂಬುದು ಮೊದಲನೆಯದು. ಹಾಲು ಮೊಸರಾಗುವಂತೆ ಒಂದು ಧಾತುವೇ ಇನ್ನೊಂದಾಗಿ ಪರಿಣಮಿಸುತ್ತದೆಂಬುದು ಎರಡನೆಯದು. ಕಣದಲ್ಲಿ ಹರಡಿದ ಕಾಳನ್ನು ಪಾರಿವಾಳಗಳು ಬೇರೆ ಬೇರೆ ದಿಕ್ಕಿನಿಂದ ಬಂದು ತಮತಮಗೆ ಬೇಕಾದುದನ್ನು ಆಯ್ದುಕೊಂಡು ಹೋಗುವಂತೆ ಪ್ರತಿಯೊಂದು ಧಾತುವೂ ತನಗೆ ಬೇಕಾದುದನ್ನು ತಾನೇ ಸೆಳೆದುಕೊಳ್ಳುತ್ತದೆಂಬುದು ಮೂರನೆಯದು.

ಇವುಗಳಲ್ಲಿ ಯಾವುದು ನಿಜವೆಂದು ಕೇಳುವುದಕ್ಕಿಂತ ಯಾವುದು ಯಾವುದಕ್ಕೆ ಹೊಂದುತ್ತದೆಂದು ಕೇಳುವುದು ಮೇಲು. ರಕ್ತವು ಸಕ್ಕರೆಯನ್ನು ಹೊತ್ತು ಸುತ್ತುವುದನ್ನೂ, ಮಿದುಳು ಮಾಂಸಖಂಡ ಯಕೃತ್ತುಗಳು ತಮತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳುವುದನ್ನೂ ಹೇಳಲು ಖಲೇಕಪೋತದಷ್ಟು ಯುಕ್ತವಾದ ಉಪಮೆ ಬೇರಿಲ್ಲ. ಸಕ್ಕರೆಯು ಮೇದಸ್ಸಾಗುವ ರೂಪಾಂತರಕ್ಕೆ ಕ್ಷೀರದಧಿಯು ಹೊಂದುತ್ತದೆ. ಹಾಲು ಮೊಸರಾಗುವುದೂ ಅಣುಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲಜನಕದ ನೆರವಿಲ್ಲದೆ ಒಡೆದು ತಮ್ಮ ಎ.ಟಿ.ಪಿ.ಯನ್ನು ಗಳಿಸಿ ಹುಳಿಯನ್ನು ಉಳಿಸುವುದರಿಂದಲೇ ಆದುದರಿಂದ, ಇಲ್ಲಿ ಉಪಮಾನವೂ ಉಪಮೇಯದ ಜಾತಿಗೇ ಸೇರಿದೆ. ಆದರೆ ಮೊಸರು ಮತ್ತೆ ಹಾಲಾಗದು; ಪಿಷ್ಟವೂ ಗ್ಲೈಕೊಜೆನ್ನೂ ಮತ್ತೆ ಸಕ್ಕರೆಯಾಗುತ್ತವೆ. ಆ ಅಂಶದಲ್ಲಿ ಈ ನ್ಯಾಯವು ತಪ್ಪುದಾರಿ ತೋರಿಸುತ್ತದೆ. ಕೇದಾರೀಕುಲ್ಯೆಯು ಧಾತುಕ್ರಮಕ್ಕೆ ಹೊಂದದಿದ್ದರೂ ಎಲೆಕ್ಟ್ರಾನುಗಳ ಸಾಲಿಗೆ ಹೊಂದುತ್ತದೆ. ಅಲ್ಲಿ ಒಂದು ಮಡಿಯಿಂದ ಇನ್ನೊಂದು ತಗ್ಗಿನ ಮಡಿಗೆ ಹರಿವು ನಿಜವಾಗಿಯೂ ಉಂಟು. ಪ್ರಾಚೀನರು ಒಂದೇ ವಿಷಯಕ್ಕೆ ಮೂರು ಉಪಮೆಗಳನ್ನು ಇಟ್ಟುಕೊಂಡುದೇ ಅವರ ವಿವೇಕವನ್ನು ಸೂಚಿಸುತ್ತದೆ. ಒಂದೇ ಉಪಮೆಯನ್ನು ನಂಬಿದವನು ಅದನ್ನೇ ವಸ್ತುವೆಂದು ಭ್ರಮಿಸುತ್ತಾನೆ. ಮೂರನ್ನು ಬಲ್ಲವನು ಭ್ರಮಿಸುವುದಿಲ್ಲ.

ಸಂಚಯವ್ಯಯಗಳ ವಿಷಯದಲ್ಲಿ ಛಾಂದೋಗ್ಯದ ಶ್ವೇತಕೇತುವಿನ ಪ್ರಸಂಗವನ್ನೂ ಕೆಲವರು ಉದಾಹರಿಸುವುದುಂಟು. ತಂದೆಯ ಮಾತಿನಂತೆ ಅವನು ಹದಿನೈದು ದಿನ ನೀರನ್ನು ಮಾತ್ರ ಕುಡಿದು ಉಪವಾಸವಿದ್ದು, ಬಳಿಕ ಕಲಿತ ವೇದವನ್ನು ಹೇಳಲಾರದೆ ಹೋದನು. ಉಂಡಮೇಲೆ ಎಲ್ಲವೂ ತೋಚಿತು. ದೊಡ್ಡ ಬೆಂಕಿಯಲ್ಲಿ ಮಿಣುಕುಹುಳುವಿನಷ್ಟು ಕೆಂಡವೊಂದು ಉಳಿದಿದ್ದರೂ ಹುಲ್ಲನ್ನೊಡ್ಡಿದರೆ ಮತ್ತೆ ಉರಿಯುವಂತೆ ಎಂದು ತಂದೆಯು ಅದನ್ನು ವಿವರಿಸುತ್ತಾನೆ. ಈಗಿನ ಶಾಸ್ತ್ರದ ಪ್ರಕಾರ ಯಕೃತ್ತಿನ ಗ್ಲೈಕೊಜೆನ್ ಸುಮಾರು ಒಂದು ದಿನದಲ್ಲಿಯೇ ಬಹುಮಟ್ಟಿಗೆ ತೀರುತ್ತದೆ. ಆಮೇಲೆ ಮೇದಸ್ಸು ಒಡೆದು, ಅದರಿಂದಾದ ಕೀಟೋನುಗಳು ಮಿದುಳಿಗೂ ಒದಗುತ್ತವೆ. ಹದಿನೈದು ದಿನ ಬದುಕಿದ್ದುದು ಮೇದಸ್ಸಿನ ಬಲದಿಂದ. ಉಪನಿಷತ್ತಿನ ತಾತ್ಪರ್ಯವು ಮನಸ್ಸು ಅನ್ನವನ್ನು ಆಶ್ರಯಿಸಿದೆಯೆಂಬುದಷ್ಟೇ. ಆ ತಾತ್ಪರ್ಯಕ್ಕೆ ಹೊಸ ಶಾಸ್ತ್ರವು ಬಾಧಕವಲ್ಲ. ಆದರೆ ಉಪನಿಷತ್ತಿನಲ್ಲಿ ಗ್ಲೈಕೊಜೆನ್ನನ್ನು ಹುಡುಕುವುದು ತಾತ್ಪರ್ಯನಿರ್ಣಯದ ಕ್ರಮವಲ್ಲ.

೫

ಓಜಸ್ಸೇ ಎ.ಟಿ.ಪಿ. ಎಂಬ ಪಕ್ಷವನ್ನು ಈಗ ಪರೀಕ್ಷಿಸಬೇಕು. ಚರಕಸಂಪ್ರದಾಯದಲ್ಲಿ ಓಜಸ್ಸು ಸರ್ವಧಾತುಗಳ ಸಾರ, ಹೃದಯದಲ್ಲಿ ನೆಲೆಸಿದುದು, ಅದು ಕ್ಷೀಣಿಸಿದರೆ ಭಯ, ದೌರ್ಬಲ್ಯ, ಚಿಂತೆ, ನಾಶವಾದರೆ ಮರಣ. ವ್ಯಾಖ್ಯಾನದಲ್ಲಿ ಪರವೆಂಬ ಓಜಸ್ಸು ಎಂಟು ಬಿಂದು, ಅಪರವೆಂಬುದು ಅರ್ಧಾಂಜಲಿ. ಜೇನುನೊಣಗಳು ಹೂಹೂವಿನಿಂದ ತಂದು ಕೂಡಿಡುವ ಜೇನಿನಂತೆ ಅದು ನಿಧಾನವಾಗಿ ಸಂಗ್ರಹವಾಗತಕ್ಕದ್ದು, ಪ್ರಯತ್ನದಿಂದ ಕಾಪಾಡತಕ್ಕದ್ದು.

ಎ.ಟಿ.ಪಿ.ಯ ಧರ್ಮಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅದು ಹೃದಯದಲ್ಲಿ ಮಾತ್ರವಲ್ಲ, ಪ್ರತಿಯೊಂದು ಕೋಶದಲ್ಲಿಯೂ ಇದೆ. ಮನುಷ್ಯನ ದೇಹದಲ್ಲಿ ಒಂದು ಸಮಯಕ್ಕೆ ಇರುವುದು ಸುಮಾರು ೫೦ರಿಂದ ೧೦೦ ಗ್ರಾಂ. ಒಂದು ದಿನದಲ್ಲಿ ಮಾಡಿ ಮುರಿಯುವುದು ಸುಮಾರು ಅವನ ಮೈತೂಕದಷ್ಟು. ಎಂದರೆ ೫೦ ಕಿಲೊಗ್ರಾಂ ತೂಕದವನಲ್ಲಿ ಒಂದೊಂದು ಎ.ಟಿ.ಪಿ.ಯೂ ದಿನಕ್ಕೆ ಐನೂರರಿಂದ ಸಾವಿರ ಸಲ ಮುರಿದು ಮತ್ತೆ ಹುಟ್ಟುತ್ತದೆ. ಕೂಡಿಡಬೇಕಾದುದು ಓಜಸ್ಸು, ಕೂಡಿಡಲಾಗದುದು ಎ.ಟಿ.ಪಿ. ಒಂದರ ಧರ್ಮವು ಸ್ಥೈರ್ಯ, ಇನ್ನೊಂದರದು ಸಂಚಾರ. ಮುಖ್ಯಧರ್ಮವೇ ವಿರುದ್ಧವಾಗಿರುವಲ್ಲಿ ಅಭೇದವನ್ನು ಹೇಳುವುದು ರೂಪಕವಲ್ಲ; ಆಲಂಕಾರಿಕರು ಅದನ್ನು ಭ್ರಾಂತಿಮಾನ್ ಎನ್ನುತ್ತಾರೆ. ಕಾವ್ಯದಲ್ಲಿ ಅದು ಅಲಂಕಾರ, ಶಾಸ್ತ್ರದಲ್ಲಿ ದೋಷ.

ಈ ಅಭೇದದಿಂದ ಆಯುರ್ವೇದಕ್ಕೆ ಗೌರವ ಹೆಚ್ಚುತ್ತದೆಂದು ಕೆಲವರ ಭಾವನೆ. ವಸ್ತುಸ್ಥಿತಿ ಹಾಗಿಲ್ಲ. ಓಜಸ್ಸೆಂಬುದು ಬಲ, ಕಾಂತಿ, ರೋಗವನ್ನು ತಾಳುವ ಸಾಮರ್ಥ್ಯ, ಮನಸ್ಸಿನ ಪ್ರಸನ್ನತೆ ಇವೆಲ್ಲವನ್ನೂ ಒಂದೆಡೆ ಕಂಡ ವೈದ್ಯನ ಸಮಗ್ರವಾದ ಕಲ್ಪನೆ. ಅದನ್ನು ಒಂದು ರಾಸಾಯನಿಕ ದ್ರವ್ಯಕ್ಕೆ ಇಳಿಸಿದರೆ ಉಳಿಯುವುದು ಅಲ್ಪಾಂಶ. ಇತ್ತ ವಿದ್ಯಾರ್ಥಿಯು ಎ.ಟಿ.ಪಿ.ಯನ್ನು ಕಾಪಾಡಿ ಕೂಡಿಡಬೇಕೆಂದು ತಿಳಿದರೆ ಹೊಸ ಶಾಸ್ತ್ರದ ಮುಖ್ಯತತ್ತ್ವವನ್ನೇ ಕಳೆದುಕೊಂಡಂತಾಯಿತು.

೬

ಇನ್ನು ಪರಭಾಷೆಯಿಂದ ಬಂದ ರೂಪಕಗಳು. ಎ.ಟಿ.ಪಿ.ಯನ್ನು ಶಕ್ತಿಯ ನಾಣ್ಯವೆನ್ನುವುದು ಪಾಠಪುಸ್ತಕಗಳಲ್ಲಿ ರೂಢಿಯಾಗಿದೆ. ಜೋಳವಿರಲಿ ತೊಗರಿಯಿರಲಿ, ಸಂತೆಯಲ್ಲಿ ಹಣಕ್ಕೆ ಮಾರಿದರೆ ಆ ಹಣದಿಂದ ಏನನ್ನಾದರೂ ಕೊಳ್ಳಬಹುದು. ಹಾಗೆಯೇ ಸಕ್ಕರೆಯ ಶಕ್ತಿಯೂ ಮೇದಸ್ಸಿನ ಶಕ್ತಿಯೂ ಎ.ಟಿ.ಪಿ.ಯಾಗಿ, ಅದರಿಂದ ಸ್ನಾಯುವಿನ ಸಂಕೋಚವೂ ನರದ ಸಂವೇದನೆಯೂ ಪ್ರೋಟೀನಿನ ನಿರ್ಮಾಣವೂ ನಡೆಯುತ್ತವೆ. ವಿನಿಮಯದ ಸಾಮಾನ್ಯ ಮಾನವೆಂಬ ಈ ಧರ್ಮದಲ್ಲಿ ರೂಪಕವು ಸಮರ್ಥ. ಆದರೆ ನಾಣ್ಯವನ್ನು ಗಂಟುಕಟ್ಟಿ ಇಡಬಹುದು, ಎ.ಟಿ.ಪಿ.ಯನ್ನು ಇಡಲಾಗದು. ಓಡುವವನ ಮಾಂಸಖಂಡದಲ್ಲಿರುವ ಎ.ಟಿ.ಪಿ. ಕೆಲವೇ ಸೆಕೆಂಡುಗಳಿಗೆ ಸಾಲುತ್ತದೆ. ಅದು ನಾಣ್ಯವೇ ಹೊರತು ನಿಧಿಯಲ್ಲ ಎಂಬ ಒಂದು ಮಾತನ್ನು ಕೂಡಿಸಿದರೆ ದೋಷವು ಪರಿಹಾರವಾಗುತ್ತದೆ.

ಮೈಟೊಕಾಂಡ್ರಿಯವನ್ನು ಶಕ್ತಿಕೇಂದ್ರವೆಂದೂ, ಶಕ್ತಿಯನ್ನು ಉತ್ಪಾದಿಸುವ ಸ್ಥಾನವೆಂದೂ ಬರೆಯುವುದುಂಟು. ಇಲ್ಲಿ ಉತ್ಪಾದನೆಯೆಂಬ ಮಾತು ಶಾಸ್ತ್ರವಿರುದ್ಧ. ಶಕ್ತಿಯು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ರೂಪವು ಮಾತ್ರ ಬದಲಾಗುತ್ತದೆ. ಅದು ಶಕ್ತಿಯ ರೂಪಾಂತರಸ್ಥಾನ.

ಇವೆಲ್ಲಕ್ಕಿಂತ ಹೆಚ್ಚು ಹಾನಿಯನ್ನು ಮಾಡಿರುವುದು ಅಧಿಕಶಕ್ತಿಯ ಬಂಧವೆಂಬ ಮಾತು. ೧೯೪೧ರಲ್ಲಿ ಫ್ರಿಟ್ಸ್ ಲಿಪ್‌ಮನ್ ಇದನ್ನು ರೂಢಿಗೆ ತಂದು, ಒಂದು ಸುರುಳಿಗೆರೆಯಿಂದ ಅದನ್ನು ಸೂಚಿಸಿದನು. ಪಂಡಿತರಿಗೆ ಅದು ಸಂಕೇತವಾಗಿತ್ತು. ಕನ್ನಡದಲ್ಲಿ ಅದು, ಎ.ಟಿ.ಪಿ.ಯ ಬಂಧವನ್ನು ಮುರಿದರೆ ಒಳಗೆ ಅಡಗಿದ್ದ ಶಕ್ತಿಯು ಹೊರಬರುತ್ತದೆ ಎಂಬ ವಾಕ್ಯವಾಗಿ ಬೆಳೆಯಿತು. ಇದು ಸುಳ್ಳು. ಯಾವ ರಾಸಾಯನಿಕ ಬಂಧವನ್ನು ಮುರಿಯಲೂ ಶಕ್ತಿಯನ್ನು ವ್ಯಯಿಸಬೇಕು. ಶಕ್ತಿಯು ದೊರೆಯುವುದು ಹೊಸ ಬಂಧಗಳು ಕೂಡುವಾಗ. ಎ.ಟಿ.ಪಿ.ಯು ನೀರಿನೊಡನೆ ಕೂಡಿ ಎ.ಡಿ.ಪಿ.ಯೂ ಫಾಸ್ಫೇಟೂ ಆದಾಗ, ಒತ್ತಾಗಿದ್ದ ಋಣವಿದ್ಯುತ್ತಿನ ಅಂಶಗಳು ದೂರವಾಗುತ್ತವೆ. ಹುಟ್ಟಿದ ದ್ರವ್ಯಗಳು ನೀರಿನಲ್ಲಿ ಹೆಚ್ಚು ನೆಮ್ಮದಿಯಾಗಿ ನಿಲ್ಲುತ್ತವೆ. ಪ್ರಮಾಣಸ್ಥಿತಿಯಲ್ಲಿ ಇದರಿಂದ ಒಂದು ಮೋಲಿಗೆ ೩೦.೫ ಕಿಲೊಜೂಲ್ ದೊರೆಯುತ್ತದೆ. ಜೀವಂತ ಕೋಶದಲ್ಲಿ ಸುಮಾರು ೫೦. ಬಂಧವು ಎರಡು ಕಡೆಯೂ ಒಂದೇ ಆಗಿರುವಾಗ ಈ ಭೇದವೆಲ್ಲಿಂದ ಬಂದಿತು? ಕೋಶವು ಎ.ಟಿ.ಪಿ.ಯನ್ನು ಹೆಚ್ಚಾಗಿಯೂ ಎ.ಡಿ.ಪಿ.ಯನ್ನು ಕಡಮೆಯಾಗಿಯೂ ಇಟ್ಟು, ಎರಡರ ಪ್ರಮಾಣವನ್ನು ಸಮಸ್ಥಿತಿಯಿಂದ ಬಹುದೂರ ಎತ್ತಿಹಿಡಿದಿರುವುದರಿಂದ ಬಂದಿತು.

ಇದನ್ನು ಹೇಳಲು ಕನ್ನಡದಲ್ಲಿ ಮಾತಿಲ್ಲವೆ? ಕೆರೆ, ಏರಿ, ತೂಬು ಎಂಬ ಮೂರು ಮಾತುಗಳು ಸಾಕು. ಕೆರೆಯ ನೀರಿನ ಬಲವು ನೀರಿನಲ್ಲಿಲ್ಲ, ಎತ್ತರದಲ್ಲಿದೆ. ಅದೇ ನೀರು ತಗ್ಗಿಗೆ ಇಳಿದಮೇಲೆ ಅದೇ ನೀರೇ, ಆದರೆ ಗಾಲಿಯನ್ನು ತಿರುಗಿಸಲಾರದು. ಮೈಟೊಕಾಂಡ್ರಿಯದ ಒಳಪೊರೆಯೇ ಏರಿ. ಹೊರಬದಿಯಲ್ಲಿ ನಿಂತ ಪ್ರೋಟಾನುಗಳೇ ಕೆರೆ. ತಿರುಗುವ ಯಂತ್ರವಿರುವ ಕಂಡಿಯೇ ತೂಬು. ಏರಿ ಒಡೆದರೆ ನೀರೆಲ್ಲ ಒಮ್ಮೆಗೇ ಹರಿದು ವ್ಯರ್ಥವಾಗುವಂತೆ ಪೊರೆಯು ತೂತಾದರೆ ಎ.ಟಿ.ಪಿ.ಯು ಹುಟ್ಟದು, ಶಾಖವು ಮಾತ್ರ ಹುಟ್ಟೀತು. ಇಲ್ಲಿ ಉಪಮಾನದ ಒಂದೊಂದು ಅಂಗಕ್ಕೂ ಉಪಮೇಯದಲ್ಲಿ ಅಂಗವಿರುವುದರಿಂದ ಇದನ್ನು ಸಾಂಗರೂಪಕವೆನ್ನಬಹುದು. ಎ.ಟಿ.ಪಿ.ಯ ಬಲವೂ ಹೀಗೆಯೇ ಎತ್ತರದ ಬಲವೆಂದು ಒಮ್ಮೆ ತಿಳಿದರೆ ಬಂಧ ಮುರಿಯುವ ಸುಳ್ಳು ಮಾತಿನ ಅವಶ್ಯಕತೆಯೇ ಉಳಿಯುವುದಿಲ್ಲ.

೭

ಸಂಚಯಕ್ಕೂ ಈ ಸೀಮೆಯಲ್ಲಿಯೇ ಒಂದು ಮಾತುಂಟು: ಹಗೇವು. ನೆಲದಲ್ಲಿ ತೋಡಿ, ಬಾಯಿಯನ್ನು ಮುಚ್ಚಿ, ಜೋಳವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ಗುಂಡಿ ಅದು. ಗ್ಲೈಕೊಜೆನ್ನು ಮನೆಯೊಳಗಿನ ಜೋಳದ ಚೀಲ, ಮೇದಸ್ಸು ಹಗೇವು, ಎ.ಟಿ.ಪಿ. ಕೈಯಲ್ಲಿರುವ ರೊಟ್ಟಿ ಎಂದರೆ ಹಳ್ಳಿಯ ವಿದ್ಯಾರ್ಥಿಗೂ ಮೂರರ ತಾರತಮ್ಯವು ಒಡನೆ ತಿಳಿಯುತ್ತದೆ. ರೊಟ್ಟಿಯನ್ನು ವರ್ಷಕ್ಕಾಗಿ ಸುಟ್ಟಿಡುವುದಿಲ್ಲ. ಹಸಿದಾಗ ಹಗೇವನ್ನು ತಿನ್ನಲಾಗುವುದೂ ಇಲ್ಲ.

ಹಗೇವು ಉಪಮೆಗಷ್ಟೇ ಅಲ್ಲ, ಪ್ರಮಾಣಕ್ಕೂ ಒದಗುತ್ತದೆ. ಹಗೇವನ್ನು ತೆರೆದೊಡನೆ ಒಳಗೆ ಇಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ ನೋಡಿ, ಅದು ಉರಿದರೆ ಮಾತ್ರ ಇಳಿಯಬೇಕೆಂಬುದು ಒಕ್ಕಲಿಗರ ಎಚ್ಚರಿಕೆಯಾಗಿತ್ತು. ಕಾರಣವಿಷ್ಟೆ: ಒಣಗಿದ ಕಾಳೂ ಜೀವವುಳ್ಳದ್ದು, ಅದರ ಕೋಶಗಳು ಮೆಲ್ಲನೆ ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲವನ್ನು ತುಂಬುತ್ತವೆ. ದೀಪದ ಉರಿಗೂ ಪ್ರಾಣಿಯ ಉಸಿರಿಗೂ ಬೇಕಾದುದು ಒಂದೇ ಗಾಳಿಯೆಂಬುದನ್ನು ಪ್ಯಾರಿಸಿನ ಪ್ರಯೋಗಶಾಲೆಯು ತೋರಿಸಿದುದನ್ನು ಹಗೇವಿನ ಬಾಯಲ್ಲಿ ನಿಂತವನು ತನ್ನ ಪ್ರಾಣರಕ್ಷಣೆಗಾಗಿ ಅರಿತಿದ್ದನು. ಉಸಿರಾಟವು ಶ್ವಾಸಕೋಶವುಳ್ಳವರಿಗೆ ಮಾತ್ರವೆಂದು ತಿಳಿದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಜೋಳ ತೊಗರಿಗಳ ನಡುವೆಯೂ ಶಕ್ತಿಯ ವ್ಯಯದಲ್ಲಿ ಭೇದವಿದೆ. ಇಂಗಾಲಾಮ್ಲದ ಒಂದು ಕಣವನ್ನು ಸಕ್ಕರೆಯಲ್ಲಿ ಸೇರಿಸಲು ತೊಗರಿಯ ಎಲೆಯು ಮೂರು ಎ.ಟಿ.ಪಿ.ಗಳನ್ನು ಕೊಟ್ಟರೆ ಜೋಳದ ಎಲೆಯು ಐದನ್ನು ಕೊಡುತ್ತದೆ. ಆ ಹೆಚ್ಚಿನ ವೆಚ್ಚದಿಂದ ಅದು ಇಂಗಾಲಾಮ್ಲವನ್ನು ಎಲೆಯೊಳಗೆ ಒಂದೆಡೆ ಒತ್ತಾಗಿ ಸೇರಿಸಿಕೊಂಡು, ಬಿಸಿಲು ಹೆಚ್ಚಿ ನೀರು ಕಡಮೆಯಾದಾಗಲೂ ನಷ್ಟವಿಲ್ಲದೆ ಸಕ್ಕರೆಯನ್ನು ಕಟ್ಟುತ್ತದೆ. ತೊಗರಿಯು ಬೇರೊಂದು ವೆಚ್ಚವನ್ನು ಹೊತ್ತಿದೆ: ಅದರ ಬೇರಿನ ಗಂಟುಗಳಲ್ಲಿರುವ ಅಣುಜೀವಿಗಳು ಗಾಳಿಯ ನೈಟ್ರೊಜನ್ನಿನ ಒಂದು ಅಣುವನ್ನು ಒಡೆದು ಬಳಕೆಗೆ ತರಲು ಹದಿನಾರು ಎ.ಟಿ.ಪಿ.ಗಳನ್ನು ವ್ಯಯಿಸುತ್ತವೆ, ಅದಕ್ಕೆ ಬೇಕಾದ ಸಕ್ಕರೆಯನ್ನು ಗಿಡವೇ ಕೊಡುತ್ತದೆ. ೨೦೧೯ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಯ ಪ್ರೋಟೀನಿನ ಹಿಂದೆ ಈ ವೆಚ್ಚವಿದೆ. ಜೋಳದಲ್ಲಿ ಕೊರತೆಯಾದ ಲೈಸಿನ್ ತೊಗರಿಯಲ್ಲಿ ಧಾರಾಳ. ತೊಗರಿಯಲ್ಲಿ ಕೊರತೆಯಾದ ಮೆತಿಯೊನಿನ್ನನ್ನು ಜೋಳವು ಪೂರೈಸುತ್ತದೆ. ಮಾಂಸವಿಲ್ಲದೆ ಮಾಂಸಧಾತುವು ಪುಷ್ಟವಾದೀತೆ ಎಂಬ ಸಭೆಯ ವಾದಕ್ಕೆ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಹೊಲಗಳು ಕೊಡುವ ಉತ್ತರವು ಇದು.

೮

ಲಾಕ್ಷಣಿಕಪ್ರಯೋಗಕ್ಕೆ ಮೂರು ನಿಯಮಗಳನ್ನು ಮಮ್ಮಟಾದಿಗಳು ಹೇಳಿದ್ದಾರೆ: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. ಶಾಸ್ತ್ರದ ಕನ್ನಡಕ್ಕೆ ನಾಲ್ಕನೆಯದೊಂದನ್ನು ಸೇರಿಸಬೇಕು: ಸಂಬಂಧವು ಎಲ್ಲಿ ನಿಲ್ಲುತ್ತದೆಂಬುದರ ನಿರ್ದೇಶ. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನದ ೧೦೫೮ರ ಶಾಸನದಲ್ಲಿ ಪುಸ್ತಕಗಳನ್ನು ಕಾಯುವವರನ್ನು ಸರಸ್ವತೀಭಂಡಾರಿಗರೆಂದು ಕರೆದಿದೆ. ಭಂಡಾರವೆಂಬುದು ಧನಧಾನ್ಯಗಳ ಮಾತು. ಅದು ವಿದ್ಯೆಗೆ ಸಂದಿತು. ಆದರೆ ಸರಸ್ವತೀ ಎಂಬ ವಿಶೇಷಣವು ಮುಂದೆ ನಿಂತುದರಿಂದ ಅರ್ಥಕ್ಕೆ ಭಂಗವಾಗಲಿಲ್ಲ. ಹಳೆಯ ಮಾತನ್ನು ಹೊಸ ವಸ್ತುವಿಗೆ ಹಚ್ಚುವ ಕ್ರಮವು ಹೀಗಿರಬೇಕು. ಕೋಶವೆಂಬ ಮಾತಿನ ಭಾಗ್ಯವೂ ಇಂಥದೇ. ಅದಕ್ಕೆ ಒರೆ ಎಂದೂ ಬೊಕ್ಕಸವೆಂದೂ ಎರಡರ್ಥ. ಜೀವಕೋಶವು ಪೊರೆಯೂ ಹೌದು, ಬೊಕ್ಕಸವೂ ಹೌದು.

ಸಂಸ್ಕೃತವನ್ನೂ ಕನ್ನಡವನ್ನೂ ವಿವೇಕವಿಲ್ಲದೆ ಸಮಾಸದಲ್ಲಿ ಬೆರಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ವಿರಸವೆಂದು ಕವಿರಾಜಮಾರ್ಗಕಾರನ ಅಭಿಪ್ರಾಯ. ಆ ಮಾತು ಪದಗಳ ವಿಷಯದಲ್ಲಿ ಹೇಳಿದುದಾದರೂ ಶಾಸ್ತ್ರಗಳ ವಿಷಯದಲ್ಲಿಯೂ ಸಲ್ಲುತ್ತದೆ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು; ಬೆರಸಿದರೆ ಎರಡೂ ಕೆಡುತ್ತವೆ. ೧೯೧೮ರಲ್ಲಿ ಹೊರಟ ವಿಜ್ಞಾನ ಮಾಸಪತ್ರಿಕೆಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಸಾಧ್ಯವೆಂದು ತೋರಿಸಿಕೊಟ್ಟರು. ಹೇಳಲು ಸಾಧ್ಯವೆ ಎಂಬ ಪ್ರಶ್ನೆಯು ಅಂದೇ ಮುಗಿಯಿತು. ಸರಿಯಾಗಿ ಹೇಳಿದೆಯೆ ಎಂಬ ಪ್ರಶ್ನೆಯು ಮುಗಿಯತಕ್ಕದ್ದಲ್ಲ.

ಆದಕಾರಣ ಸಿದ್ಧಾಂತವೇನೆಂದರೆ: ಅಗ್ನಿಯು ಪಾಕಾರ್ಥದಲ್ಲಿ ಗ್ರಾಹ್ಯ, ಶಾಖಾರ್ಥದಲ್ಲಿ ತ್ಯಾಜ್ಯ. ಓಜಸ್ಸು ಆಯುರ್ವೇದದ ಪಾರಿಭಾಷಿಕವಾಗಿಯೇ ಉಳಿಯತಕ್ಕದ್ದು, ಎ.ಟಿ.ಪಿ.ಗೆ ಅದರ ಹೆಸರೇ ಸಾಕು. ನಾಣ್ಯವೆಂಬುದು ನಿಧಿಯಲ್ಲವೆಂಬ ವಿಶೇಷಣದೊಡನೆ ಗ್ರಾಹ್ಯ. ಶಕ್ತಿಯ ಉತ್ಪಾದನೆಯೆಂಬಲ್ಲಿ ರೂಪಾಂತರವೆಂದು ತಿದ್ದತಕ್ಕದ್ದು. ಬಂಧವು ಮುರಿದು ಶಕ್ತಿಯು ಬರುತ್ತದೆಂಬ ವಾಕ್ಯವನ್ನು ಪಾಠಪುಸ್ತಕಗಳಿಂದ ತೆಗೆಯತಕ್ಕದ್ದು. ಸಂಚಯಕ್ಕೆ ಹಗೇವೂ ವ್ಯಯಕ್ಕೆ ಕೆರೆತೂಬುಗಳೂ ಕನ್ನಡದವೇ ಆದ, ಅಂಗಾಂಗವಾಗಿ ಹೊಂದುವ ಉಪಮಾನಗಳು. ಅಧ್ಯಾಪಕರು ಇವನ್ನು ಬಳಸುವಾಗ ಉಪಮೆಯನ್ನು ಹೇಳಿದ ಉಸುರಿನಲ್ಲಿಯೇ ಅದರ ಎಲ್ಲೆಯನ್ನೂ ಹೇಳಿದರೆ, ವಿದ್ಯಾರ್ಥಿಯು ಉಪಮಾನವನ್ನೇ ವಸ್ತುವೆಂದು ಹಿಡಿದುಕೊಳ್ಳುವ ಭಯವಿರುವುದಿಲ್ಲ.